ಟೆರೇಸಿನ ಬೀಗದಕೈಗಾಗಿ ಒಂದು ಆಂಟೆನಾ

ಆ ಭಾನುವಾರ ಮಾಡಿದ ಕೆಲಸಗಳು ಇವು. ಆರೂವರೆಗೆ ಬಂದ ನೀರು ಹಿಡಿದೆ. ನೀರುದೋಸೆಗೆ ಅಕ್ಕಿ ರುಬ್ಬಿದೆ. ಗಂಡನ ನೀಲಿ ಅಂಗಿಗೆ ಗುಂಡಿ ಹೊಲಿದೆ. ಫ್ಯಾನಿನ ರೆಕ್ಕೆ ಒರೆಸಿದೆ. ಸ್ಟೇಷನ್ನಿನ ಪೂರ್ವ ಬದಿಯಲ್ಲಿ ಕೂರುವ ಬದಲಾಪುರದ ಹೆಂಗಸಿನ ಹತ್ತಿರ ಬಲಿತ ಹಲಸಿನಕಾಯಿಯೊಂದನ್ನು ತಟ್ಟಿ ನೋಡಿ ಕೊಂಡು ತಂದೆ. ಅದನ್ನು ಮಂಚದ ಕೆಳಗೆ ತಳ್ಳಿ ಹಳೆಯ ಚಾದರ ಮುಚ್ಚಿದೆ. ತಿಂಡಿಗೆ ಕೂತ ಗಂಡನಿಗೆ ಪಾರ್ಸಿಕ್ ಗುಡ್ಡದ ಎತ್ತರದ ಬಗ್ಗೆ ಹೇಳಿದೆ. ಮಧ್ಯಾಹ್ನ ಅವರ ಜೊತೆ ಕಲ್ಯಾಣಕ್ಕೆ ಹೋಗಿ ಟಿ.ವಿ. ಆಂಟೆನಾ ತಂದೆ.

ಹಲಸಿನಕಾಯಿಗೂ ಆಂಟೆನಾಕ್ಕೂ ಏನು ಸಂಬಂಧ ಎಂದು ಕೇಳಿದರೆ, ಸಂಬಂಧ ಕಟ್ಟಿದವಳು ನಾನೇ.

ನಾನು ಉಡುಪಿ ಕಡೆಯವಳು. ಮದುವೆಯಾಗಿ ಡೊಂಬಿವಲಿಗೆ ಬಂದ ಮೇಲೆ ಪ್ರತಿ ಮೇ ತಿಂಗಳೂ ನಮ್ಮ ಐದನೆಯ ಮಹಡಿಯ ಬಾಲ್ಕನಿಯಲ್ಲಿ ಹಲಸಿನ ಹಪ್ಪಳ ಒಣಗಿಸಿಕೊಂಡು ಬಂದಿದ್ದೆ. ಹೋದ ವರ್ಷ ಎದುರಿಗೆ ಒಂದು ಟವರು ಎದ್ದು ನಿಂತು ಬಾಲ್ಕನಿಯ ಬಿಸಿಲನ್ನು ಪೂರ್ತಿ ನುಂಗಿತು. ಹಪ್ಪಳ ನಾಲ್ಕು ದಿನ ಒದ್ದೆಯಾಗಿಯೇ ಇದ್ದು, ಐದನೆಯ ದಿನ ಹಸಿರು ಮೀಸೆ ಬಿಟ್ಟಿತು. ಅಷ್ಟನ್ನೂ ಕಸದ ಬುಟ್ಟಿಗೆ ಹಾಕಿದೆ. ಆ ಮಳೆಗಾಲವಿಡೀ ನಮ್ಮ ಮನೆಯಲ್ಲಿ ಅಂಗಡಿ ಹಪ್ಪಳ ಕರಿದರು. ಕರಿದವಳು ನಾನೇ, ಆದರೆ ಹಾಗೆ ಬರೆಯಲು ಕೈ ಬರುವುದಿಲ್ಲ.

ಇನ್ನು ಉಳಿದದ್ದು ಟೆರೇಸಿನ ಬಿಸಿಲು. ಅಲ್ಲಿ ವಾಟರ್‌ಪ್ರೂಫಿಂಗ್ ಆದ ಮೇಲೆ ಸೊಸೈಟಿಯವರು ಬೀಗ ಜಡಿದಿದ್ದರು. ಲಿಫ್ಟಿನ ಪಕ್ಕ ನೋಟೀಸು ಅಂಟಿತ್ತು: ಟೆರೇಸಿನಲ್ಲಿ ಪಾಪಡ, ಉಪ್ಪಿನಕಾಯಿ, ಗಾದಿ ಒಣಗಿಸಕೂಡದು; ಬೀಗದಕೈ ತಾಂತ್ರಿಕ ಉಪಕರಣ ಇದ್ದವರಿಗೆ ಮಾತ್ರ. ಕೆಳಗೆ ಸೆಕ್ರೆಟರಿಯ ಸಹಿ. ಸೆಕ್ರೆಟರಿ ಎಂದರೆ ನಮ್ಮ ಕೆಳಗಿನ ಮನೆಯ ಮರಾಠಿ ಕಾಕಾ, ಬ್ಯಾಂಕಿನಿಂದ ನಿವೃತ್ತರಾದವರು. ಸಹಿ ಹಾಕುವ ಚಟ ಮಾತ್ರ ನಿವೃತ್ತಿಯಾಗಿರಲಿಲ್ಲ. ನಾನು ಲಿಫ್ಟು ಕಾಯುತ್ತಾ ಆ ನೋಟೀಸನ್ನು ಎಷ್ಟು ಸಲ ಓದಿದ್ದೆನೋ, ಕೊನೆಗೊಂದು ದಿನ ‘ಉಪಕರಣ’ ಎಂಬಲ್ಲಿ ಕಣ್ಣು ನಿಂತಿತು.

ಅದೇ ವಾರ ದೇವರು ಮಹಾಪೆಯಲ್ಲಿ ಕಣ್ಣು ಬಿಟ್ಟ. ಗಂಡನ ಆಫೀಸು ಅಲ್ಲಿ. ಯಾರೋ ಸಹೋದ್ಯೋಗಿ ಹೇಳಿದರಂತೆ: ಹೊಸ ಟಿ.ವಿ.ಗಳ ಹೊಟ್ಟೆಯಲ್ಲೇ ಟ್ಯೂನರ್ ಇರುತ್ತದೆ, ಒಂದು ಆಂಟೆನಾ ಸಿಕ್ಕಿಸಿದರೆ ಸಾಕು, ಮುಂಬೈಯ ಸರ್ಕಾರಿ ಟವರಿನಿಂದ ಚಾನೆಲ್ಲುಗಳು ಗಾಳಿಯಲ್ಲೇ ಬರುತ್ತವೆ, ಕ್ರಿಕೆಟ್ ಕೂಡ. ಮುಂದಿನ ಮಂಗಳವಾರ ಭಾರತದ ಪಂದ್ಯವಿತ್ತು. ನನ್ನ ಗಂಡ ಮೈಸೂರಿನವರು, ನಿಧಾನಸ್ಥರು. ಆದರೆ ಗಾಳಿಯಿಂದ ಚಿತ್ರ ಹಿಡಿಯುವುದು ಎಂದಾಗ ಅವರ ಮುಖದಲ್ಲಿ ಗಾಳಿಪಟ ಕಂಡ ಹುಡುಗನ ಕಳೆ ಬಂತು.

ಕಷ್ಟ ಶುರುವಾದದ್ದು ಆಮೇಲೆ. ಮೊಬೈಲಿನಲ್ಲಿ ಅವರು ಇಷ್ಟಪಟ್ಟದ್ದು ಕಾಗದದಂಥ ಚಪ್ಪಟೆ ಆಂಟೆನಾ.

"ನೋಡೇ, ಕಿಟಕಿ ಗಾಜಿಗೆ ಅಂಟಿಸಿಬಿಟ್ರೆ ಆಯ್ತು. ಟೆರೇಸೂ ಬೇಡ, ಕಾಕಾನ ಕಾಲೂ ಹಿಡೀಬೇಕಿಲ್ಲ. ಆಂಪ್ಲಿಫೈಯರ್ ಬೇರೆ ಕೊಡ್ತಾರೆ ಕಣೇ."

ಟೆರೇಸೇ ಬೇಡವೆಂದಾದರೆ ನನಗೆ ಬೀಗದಕೈ ಎಲ್ಲಿಂದ? ಆವತ್ತಿನಿಂದ ಮೂರು ದಿನ, ಅನ್ನ ಬೇಯುವಷ್ಟು ಹೊತ್ತೆಲ್ಲ, ಆಂಟೆನಾದ ವಿಡಿಯೊ ನೋಡಿದೆ. ಕಲಿತೆ. ಭಾನುವಾರ ತಿಂಡಿಯ ಹೊತ್ತಿಗೆ ತಯಾರಾಗಿದ್ದೆ.

"ಅಲ್ಲ ಮಾರಾಯ್ರೇ, ನಮ್ಮ ಕಿಟಕಿ ಎದುರಿಗೆ ಆ ಟವರು ಕೂತಿದೆ. ಅದರಾಚೆ ಪಾರ್ಸಿಕ್ ಗುಡ್ಡ. ಅದರಾಚೆ ಮೂವತ್ತು ನಲವತ್ತು ಕಿಲೋಮೀಟರಿನಲ್ಲಿ ಮುಂಬೈ. ಅಷ್ಟು ದೂರದಿಂದ ಬರುವ ಸಿಗ್ನಲ್ಲು ಗುಡ್ಡ ಹತ್ತಿ ಇಳಿದು ನಿಮ್ಮ ಕಿಟಕಿ ಹುಡುಕಿಕೊಂಡು ಬರ್ತದಾ?"

"ಆಂಪ್ಲಿಫೈಯರ್ ಇದೆಯಲ್ಲ?"

"ಸಿಗ್ನಲ್ಲು ಬಂದರೆ ತಾನೇ ಅದು ದೊಡ್ಡದು ಮಾಡೋದು? ತೆಂಗಿನಕಾಯಿಯೇ ಇಲ್ಲದೆ ಮಿಕ್ಸಿ ತಿರುಗಿಸಿದರೆ ಚಟ್ನಿ ಆಗ್ತದಾ?"

ಮಗಳು, ಕಾಲೇಜಿಗೆ ಹೋಗುವವಳು, ಕನ್ನಡ ಕೇಳಿ ಹಿಂದಿಯಲ್ಲಿ ಉತ್ತರ ಕೊಡುವವಳು, ದೋಸೆಯಿಂದ ತಲೆ ಎತ್ತಿದಳು. "ಮಮ್ಮಿ, ಆಪ್‌ಕೋ ಕಬ್ ಸೇ ಟಿ.ವಿ. ಮೇ ಇಂಟರೆಸ್ಟ್?" ನಿನಗೆ ಯಾವಾಗಿನಿಂದ ಟಿ.ವಿ. ಮೇಲೆ ಆಸಕ್ತಿ ಎಂದು.

ಅವಳ ತಟ್ಟೆಗೆ ಇನ್ನೊಂದು ದೋಸೆ ಹಾಕಿ ಬಾಯಿ ಮುಚ್ಚಿಸಿದೆ.

ಕಲ್ಯಾಣದ ಅಂಗಡಿಯಲ್ಲಿ ವಯಸ್ಸಾದ ಯಜಮಾನರು ಮೂರು ಬಗೆ ತೋರಿಸಿದರು. ಒಂದು ಆ ಚಪ್ಪಟೆಯದು. ಇನ್ನೊಂದು ಹಳೆಯ ಕಾಲದ ನಾಲ್ಕೈದು ದಪ್ಪ ಕಡ್ಡಿಯದು. ಅದು ಈಗಿನ ಚಾನೆಲ್ಲುಗಳಿಗೆ ಹೊಂದುವುದಿಲ್ಲ, ಕಾಗೆ ಕೂರಲು ಚೆನ್ನ ಎಂದರು. ಮೂರನೆಯದು ಆರಡಿ ಉದ್ದದ ಸರಳಿಗೆ ಸಾಲಾಗಿ ಹದಿನೆಂಟು ಸಣ್ಣ ಕಡ್ಡಿ, ದೊಡ್ಡ ಬಂಗುಡೆಯ ಮುಳ್ಳಿನ ಹಾಗೆ.

"ದೂರದ ಸ್ಟೇಷನ್ನಿಗೆ ಇದೇ," ಎಂದರು. "ಉದ್ದ ಆದಷ್ಟೂ ದೂರ ನೋಡುತ್ತದೆ. ಆದರೆ ಕಣ್ಣು ಕಿರಿದು. ಸ್ವಲ್ಪ ಅತ್ತ ಇತ್ತ ಆದರೂ ಕುರುಡು. ಎತ್ತರದಲ್ಲಿ, ಬಯಲಿನಲ್ಲಿ ಇರಬೇಕು."

"ಎತ್ತರದಲ್ಲಿ, ಬಯಲಿನಲ್ಲಿ," ಎಂದು ನಾನು ಗಂಡನಿಗೆ ಇನ್ನೊಮ್ಮೆ ಹೇಳಿದೆ, ಅವರಿಗೆ ಕೇಳಿಸಿರಲಿಕ್ಕಿಲ್ಲವೆಂದು.

ಅದನ್ನು ಹಿಡಿದು ಲೋಕಲ್ಲಿನಲ್ಲಿ ಬರುವಾಗ ಬಾಗಿಲ ಬಳಿಯ ಒಬ್ಬರು ಕೇಳಿದರು, "ಸುಖಾನೇ ಕೇ ಲಿಯೇ ಹೈ ಕ್ಯಾ?" ಒಣಗಿಸೋದಕ್ಕಾ ಎಂದು. ಅವರು ಕೇಳಿದ್ದು ಬಟ್ಟೆಯ ಬಗ್ಗೆ. ನಾನು ಮಾತ್ರ ಠಾಕುರ್ಲಿ ದಾಟುವವರೆಗೂ ಕಿಟಕಿಯಾಚೆಯೇ ನೋಡುತ್ತಿದ್ದೆ.

ಬೀಗದಕೈ ಸಿಕ್ಕಿತು. ಕಾಕಾ ರಿಜಿಸ್ಟರಿನಲ್ಲಿ ‘ಉಪಕರಣ ಜೋಡಣೆ’ ಎಂದು ಬರೆದು ಸಹಿ ಹಾಕಿದರು. ಕತ್ತಲಾಗುವ ಮುಂಚೆ ಗಂಡ ಕಂಬ ನಿಲ್ಲಿಸಿದರು. ಅವರು ಮೇಲೆ ತಿರುಗಿಸುವುದು, ಮಗಳು ಕೆಳಗೆ ಟಿ.ವಿ. ನೋಡಿ ಫೋನಿನಲ್ಲಿ "ನಹೀ, ನಹೀ, ಥೋಡಾ ಔರ್, ಅರೇ ಗಯಾ" ಅನ್ನುವುದು. ಕೊನೆಗೆ ಗುಡ್ಡದ ತಗ್ಗಿನ ಕಡೆಗೆ ಮೂತಿ ಮಾಡಿದಾಗ ಚಿತ್ರ ಕನ್ನಡಿಯ ಹಾಗೆ ನಿಂತಿತು. ನಾನೂ ಚಪ್ಪಾಳೆ ತಟ್ಟಿದೆ. ನಿಜವಾಗಿಯೇ ಖುಷಿಯಾಗಿತ್ತು.

ಸೋಮವಾರ ಗಂಡ ಮಹಾಪೆಗೆ ಹೊರಟ ಕೂಡಲೇ ಕೈಗೆ ಎಣ್ಣೆ ಹಚ್ಚಿ ಹಲಸು ಬಿಡಿಸಿದೆ. ಸೊಳೆ ಬೇಯಿಸಿ, ಮೆಣಸು ಕೊತ್ತಂಬರಿ ಹಾಕಿ ರುಬ್ಬಿ, ಪ್ಲಾಸ್ಟಿಕ್ ಹಾಳೆಯ ನಡುವೆ ಒತ್ತಿ ನೂರಾ ನಲವತ್ತು ಹಪ್ಪಳ ಮಾಡಿದೆ. ಟೆರೇಸಿನಲ್ಲಿ ಸೀರೆ ಹಾಸಿ ಹರವಿದೆ. ಕಾಗೆಗಳು ಮೊದಲು ಆಂಟೆನಾದ ಮೇಲೆ ಕೂತು ಸಮೀಕ್ಷೆ ಮಾಡಿ ಆಮೇಲೆ ಇಳಿಯುತ್ತಿದ್ದವು. ಕಂಬಕ್ಕೆ ಕಪ್ಪು ರವಿಕೆ ಬಟ್ಟೆ ಕಟ್ಟಿದೆ. ಹಾರಿಹೋದವು. ಸಂಜೆ ಅರೆ ಒಣಗಿದ ಹಪ್ಪಳ ಎತ್ತಿ ತಂದು ಮಗಳ ಕೋಣೆಯಲ್ಲಿ ಅಡಗಿಸಿದೆ. ಅವಳಿಗೆ ಹೇಳಲೇಬೇಕಾಯಿತು.

"ಮಮ್ಮಿ, ಯೇ ತೋ ಸ್ಕ್ಯಾಮ್ ಹೈ," ಎಂದಳು, ಬಹಳ ಗೌರವದಿಂದ.

ಇನ್ನೊಂದೇ ಬಿಸಿಲು ಬೇಕಿತ್ತು. ಆ ಒಂದು ಬಿಸಿಲು ತಪ್ಪಿದರೆ ಹೋದ ವರ್ಷದ ಹಸಿರು ಮೀಸೆಯೇ ಗತಿ. ಪಶ್ಚಿಮದಲ್ಲಿ ಆಗಲೇ ಮೋಡ ಒಟ್ಟಾಗುತ್ತಿತ್ತು. ಅಷ್ಟರಲ್ಲಿ ಗಂಡ ಮನೆಗೆ ಬಂದು ಟಿ.ವಿ. ಹಾಕಿ, ಸಿಗ್ನಲ್ಲಿನ ಪಟ್ಟಿ ಪೂರ್ತಿ ತುಂಬಿದ್ದು ನೋಡಿ, "ಇನ್ನು ಹತ್ತೋ ಕೆಲಸವೇ ಇಲ್ಲ. ಬೆಳಿಗ್ಗೆ ಹೋಗ್ತಾ ಬೀಗದಕೈ ಕಾಕಾಗೆ ವಾಪಸ್ ಕೊಟ್ಬಿಡ್ತೀನಿ," ಎಂದರು.

ಮಂಗಳವಾರ ಬೆಳಿಗ್ಗೆ ಆರಕ್ಕೆ, ಆಂಟೆನಾ ಬಿಗಿದ ಪಕ್ಕಡು, ಅಂದರೆ ಇಕ್ಕಳ, ಮೇಲೆಯೇ ಉಳಿದಿದೆಯೆಂದು ಹೇಳಿ ಹೋದೆ. ಆಂಟೆನಾದ ಮೂತಿಯನ್ನು ಎಡಕ್ಕೆ ಒಂದು ಗೇಣು ತಿರುಗಿಸಿದೆ. ಪಾಪ ಅನ್ನಿಸಿತು. ಮಧ್ಯಾಹ್ನ ಮೊದಲಿನ ಹಾಗೆ ಮಾಡಿದರಾಯಿತು ಎಂದು ಸಮಾಧಾನ ಮಾಡಿಕೊಂಡು ಇಳಿದೆ.

ಏಳಕ್ಕೆ ಗಂಡ ಟಿ.ವಿ. ಹಾಕಿದರು. ವಾರ್ತೆ ಓದುವವಳ ಮುಖ ಬಚ್ಚಲಿನ ಟೈಲ್ಸಿನ ಹಾಗೆ ಚೂರು ಚೂರಾಗಿ ಅಲ್ಲೇ ನಿಂತುಹೋಯಿತು.

"ಗಾಳಿಗೆ ತಿರುಗಿರಬೇಕು ಕಣೇ. ನನಗೆ ಟ್ರೈನಿಗೆ ಹೊತ್ತಾಯ್ತು. ಬೀಗದಕೈ ಇಟ್ಕೊ, ಹಗಲಲ್ಲಿ ಸ್ವಲ್ಪ ಸರಿಮಾಡು. ಸಂಜೆ ಮ್ಯಾಚಿದೆ."

"ಆಯ್ತು, ನಾನು ನೋಡ್ತೇನೆ," ಎಂದೆ. ಧ್ವನಿ ಸಾಧಾರಣವಾಗಿಯೇ ಬಂತು.

ಹನ್ನೆರಡರ ಹೊತ್ತಿಗೆ ನೀರಿನ ಟಾಕಿಯ ನೆರಳಲ್ಲಿ ಕೋಲು ಹಿಡಿದು ಕೂತಿದ್ದೆ. ಬಾಗಿಲು ಕಿರುಗುಟ್ಟಿತು. ಟಾಕಿಯ ನೀರು ನೋಡಲು ಬಂದ ಕಾಕಾ ನನ್ನನ್ನೂ ಸೀರೆಯನ್ನೂ ಸೀರೆಯ ಮೇಲಿದ್ದುದನ್ನೂ ನೋಡಿ ನಿಂತರು.

"ಹೇ ಕಾಯ್, ವಹಿನಿ?" ಏನಿದು ಅತ್ತಿಗೆ ಎಂದರು.

"ಆಂಟೆನಾ, ಕಾಕಾ."

"ಆಂಟೆನಾ ಮೇಲಿದೆ. ನಾನು ಕೆಳಗಿರೋದನ್ನು ಕೇಳಿದೆ."

ಅವರು ಕಂಬದ ಕಡೆ ಕನ್ನಡಕ ಎತ್ತಿದರು. "ಆ ಕಪ್ಪು ಬಟ್ಟೆ?"

"ಅರ್ಥಿಂಗು."

"ರವಿಕೆ ಬಟ್ಟೆಯ ಅರ್ಥಿಂಗು ನಾನು ಇದೇ ಮೊದಲು ನೋಡ್ತಿರೋದು." ಅವರ ಮೀಸೆ ಅಲುಗಿತು, ಆದರೆ ನಗಲಿಲ್ಲ. "ನೋಟೀಸಿಗೆ ಸಹಿ ಹಾಕಿದವನು ನಾನು, ವಹಿನಿ. ನಾಳೆ ಎಲ್ಲರೂ ಗಾದಿ ತಂದು ಹಾಕಿದರೆ ಯಾರಿಗೆ ಏನು ಹೇಳಲಿ? ಬೀಗದಕೈ ವಾಪಸ್ ಕೊಡಿ. ಇನ್ನು ಆಂಟೆನಾ ನೋಡಬೇಕಾದರೆ ಭಾನುವಾರ, ನಾನು ಜೊತೆಗಿದ್ದಾಗ ಮಾತ್ರ."

"ಈಗಲೇ ಕೊಡಬೇಕಾ?"

ಅವರು ಬಗ್ಗಿ ಒಂದು ಹಪ್ಪಳವನ್ನು ಬೆರಳಲ್ಲಿ ಒತ್ತಿದರು. ಆಮೇಲೆ ಸೂರ್ಯನ ಕಡೆ ನೋಡಿದರು. "ಅಂಚು ಇನ್ನೂ ಹಸಿ ಇದೆ. ತಿರುವಿ ಹಾಕಿ. ಐದು ಗಂಟೆಗೆ ಕೊಡಿ." ಟಾಕಿಯನ್ನು ನೋಡದೆಯೇ ಇಳಿದು ಹೋದರು.

ಐದರವರೆಗೆ ಒಂದೊಂದನ್ನೂ ತಿರುವಿದೆ, ಮತ್ತೆ ತಿರುವಿದೆ. ಐದಕ್ಕೆ ಐದು ನಿಮಿಷ ಇರುವಾಗ ಒಂದನ್ನು ಮುರಿದೆ, ಟಕ್ ಎಂದಿತು. ಆ ಸದ್ದಿಗೆ ನನಗೆ ಉಳಿದದ್ದೆಲ್ಲ ಮರೆತೇಹೋಯಿತು. ಎಲ್ಲವನ್ನೂ ಡಬ್ಬಕ್ಕೆ ಸೇರಿಸಿ, ರವಿಕೆ ಬಟ್ಟೆ ಬಿಚ್ಚಿಕೊಂಡು, ಸೀರೆ ಕೊಡವಿ ಮಡಿಸಿ, ಬೀಗ ಹಾಕಿ, ಕಾಕಾನ ಕೈಗೆ ಬೀಗದಕೈ ಇಟ್ಟು, ರಿಜಿಸ್ಟರಿಗೆ ಸಹಿಯನ್ನೂ ಹಾಕಿದೆ.

ಏಳಕ್ಕೆ ಗಂಡ ಬಂದರು. ಕೈಕಾಲು ತೊಳೆದು, ಕುರ್ಚಿ ಎಳೆದುಕೊಂಡು, ರಿಮೋಟು ಒತ್ತಿದರು. ಹಸಿರು ಮೈದಾನ ಒಂದು ಕ್ಷಣ ಕಂಡು ಟೈಲ್ಸಾಯಿತು. ಆಮೇಲೆ ಬರೀ ಕಪ್ಪು.

ಆಗ ನೆನಪಾಯಿತು ನನಗೆ.

ಅವರು ಹಿಂದೆ ಮುಂದೆ ವೈರು ಅಲುಗಾಡಿಸುವುದನ್ನು ಎರಡು ನಿಮಿಷ ನೋಡಿದೆ. ಇನ್ನು ತಡೆಯಲಾಗದೆ ಡಬ್ಬ ತಂದು ಅವರ ಮುಂದಿಟ್ಟು ಎಲ್ಲವನ್ನೂ ಹೇಳಿದೆ, ಚಪ್ಪಟೆ ಆಂಟೆನಾದಿಂದ ಹಿಡಿದು. ಅವರು ಡಬ್ಬದೊಳಗೆ ನೋಡಿದರು. ನನ್ನನ್ನು ನೋಡಿದರು.

"ಅಂದ್ರೆ ಆ ಪಾರ್ಸಿಕ್ ಗುಡ್ಡ?"

"ಗುಡ್ಡ ನಿಜವೇ. ಆಂಟೆನಾದ ಬಗ್ಗೆ ಹೇಳಿದ್ದೂ ನಿಜವೇ. ಆ ಚಪ್ಪಟೆಯದರಲ್ಲಿ ಏನೂ ಬರ್ತಿರಲಿಲ್ಲ."

"ಎಷ್ಟು ತಿರುಗಿಸಿದೆ?"

"ಎಡಕ್ಕೆ ಒಂದು ಗೇಣು."

"ನಿನ್ನ ಗೇಣಾ, ನನ್ನ ಗೇಣಾ?"

ಮಗಳು ಸೋಫಾದಿಂದ ಕೆಳಗೆ ಬಿದ್ದು ನಕ್ಕಳು. ಅವರಿಗೆ ನಗು ಬಂದದ್ದು ನಿಧಾನವಾಗಿ, ಮೈಸೂರಿನ ರೀತಿಯಲ್ಲಿ. ಆದರೂ ಒಮ್ಮೆ ಕಾಕಾನ ಮನೆಗೆ ಇಳಿದು ಕೇಳಿ ಬಂದರು. ಭಾನುವಾರ ಎಂದರಂತೆ, ಕಣ್ಣು ಟಿ.ವಿ.ಯಿಂದ ತೆಗೆಯದೆ.

ಆ ಟಿ.ವಿ.ಯ ಸದ್ದು ನಮ್ಮ ಅಡುಗೆಮನೆಯ ಕಿಟಕಿಗೆ ಚೆನ್ನಾಗಿ ಕೇಳುತ್ತಿತ್ತು. ಮುಂಬೈಯಿಂದ ಗುಡ್ಡ ದಾಟಿ ಬರಬೇಕಾಗಿದ್ದ ಪಂದ್ಯ ಕೆಳಗಿನ ಮಹಡಿಯಿಂದ, ಪೈಪುಗಳು ಹಾದುಹೋಗುವ ಡಕ್ಟಿನ ಮೂಲಕ ಬಂತು. ಗಂಡ ಸ್ಟೂಲು ಹಾಕಿಕೊಂಡು ಕಿಟಕಿಗೆ ಕಿವಿಯಿಟ್ಟು ಕೂತರು. ಕಾಕಾ ಕೂಗಿದರೆ ಬೌಂಡರಿ, ಅವರ ಹೆಂಡತಿ ಗದರಿದರೆ ಸಿಕ್ಸರ್ ಎಂದು ನಮಗೆ ಬೇಗ ತಿಳಿಯಿತು.

ರಾತ್ರಿ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ, ತೊಂಡೆಕಾಯಿ ಪಲ್ಯ, ಹಲಸಿನ ಹಪ್ಪಳ. ಗಂಡ ಏಳು ತಿಂದರು, ಮಗಳು ಐದು. ಯಾರು ಗೆದ್ದರೆಂದು ತಿಳಿಯುವ ಮುಂಚೆ ಗಂಡನೇ ಮೊದಲು ಮಲಗಿದರು, ಆಮೇಲೆ ನಾನು. ಮಗಳು ಫೋನು ಹಿಡಿದು ಎಚ್ಚರವಾಗಿದ್ದಳು.