ಗೌಡರ ಮುದ್ದೆ, ಡಾಕ್ಟರ ಗಂಟೆ

ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಮೂವತ್ತರ ದಶಕದಲ್ಲಿ, ಮದ್ದೂರಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದಾಗ, ಅದಕ್ಕೆ ಜಂಬವೂ ಸೇರಿಕೊಂಡಿತ್ತು. ಹಾಗಿರುವಾಗ ಜೂರಿಯಾಗಿ ಕೂರಬೇಕೆಂದು ಸಮನ್ಸು ಬಂತು. ಸೆಷನ್ಸ್ ಕೋರ್ಟು ಮಂಡ್ಯದಲ್ಲಿ ಕ್ಯಾಂಪು ಹಾಕಿತ್ತು. ಕೊಲೆ ಮೊಕದ್ದಮೆ. ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿ, ಕೋರ್ಟಿನ ಮುಂದೆ ದಿನವೂ ಜಾತ್ರೆಯಷ್ಟು ಜನ.

ಮಳವಳ್ಳಿ ಕಡೆಯ ಒಬ್ಬ ಪಟೇಲ ಬೆಳಗ್ಗೆ ಕಬ್ಬಿನ ಗದ್ದೆಯ ಬದುವಿನ ಮೇಲೆ ತಲೆಯೊಡೆದು ಸತ್ತು ಬಿದ್ದಿದ್ದ. ಹಿಂದಿನ ಸಂಜೆ ಅವನು ಉಂಡು ಕೈತೊಳೆದ ಹೊತ್ತಿಗೆ, ನೀರಿನ ಸರದಿಗಾಗಿ ಪಕ್ಕದ ಹೊಲದ ರೈತನೊಬ್ಬ ಬಂದು ಜಗಳವಾಡಿದ್ದ. ಅವನೇ ಆರೋಪಿ, ಇನ್ನೂ ಮೀಸೆ ಸರಿಯಾಗಿ ಬಲಿಯದ ವಯಸ್ಸು. ಜಗಳವಾಗಿ ಎರಡು ಮೂರು ಗಂಟೆಯ ಮೇಲೆ ಅವನು ಬಂಡೂರಿನ ಅಕ್ಕನ ಮನೆ ಸೇರಿ, ಬೆಳಗಿನವರೆಗೂ ಅಲ್ಲೇ ಇದ್ದನೆಂದು ಹತ್ತು ಜನ ಹೇಳಿದರು. ಹಾಗಾಗಿ ಪಟೇಲ ಸತ್ತದ್ದು ಉಂಡ ತಕ್ಷಣವೋ, ಬೆಳಗಿನ ಜಾವವೋ ಎಂಬುದರ ಮೇಲೆ ಆ ಹುಡುಗನ ಕುತ್ತಿಗೆ ನಿಂತಿತ್ತು.

ಡಾಕ್ಟರು ಹೊರಗಿನಿಂದ ಬಂದವರು. ಇಂಗ್ಲಿಷಿನಲ್ಲಿ ಖಡಾಖಂಡಿತವಾಗಿ ಹೇಳಿದರು: ಹೊಟ್ಟೆಯಲ್ಲಿ ತುತ್ತುಗಳು ಗಟ್ಟಿಯಾಗಿ ಹಾಗೆಯೇ ಇದ್ದವು, ಆದ್ದರಿಂದ ಉಂಡು ಎರಡು ಗಂಟೆಯೊಳಗೇ ಸಾವು. ಆ ಇಂಗ್ಲಿಷಿಗೆ ನಾನು ಮಾರುಹೋದೆ. ದುಭಾಷಿ ಕನ್ನಡದಲ್ಲಿ ಹೇಳುವ ಮೊದಲೇ ನನ್ನ ಮನಸ್ಸಿನಲ್ಲಿ ತೀರ್ಪು ಆಗಿಹೋಗಿತ್ತು.

ಜೂರಿಯಲ್ಲಿ ಐದು ಜನ. ನನ್ನ ಪಕ್ಕ ಕೂತಿದ್ದವರು ಹೊಳಲಿನ ಒಬ್ಬ ಗೌಡರು. ಅವರು ಮೆಲ್ಲಗೆ ನನ್ನ ಕಡೆ ಬಾಗಿ, "ಮೇಷ್ಟ್ರೇ, ಡಾಕ್ಟ್ರು ಯೋಳಿದ್ದು ಸರಿ ಅನ್ನುಸ್ನಿಲ್ಲ ಕಣ್ರೀ" ಎಂದರು.

"ಸುಮ್ಮನಿರಿ ಗೌಡ್ರೇ, ಅವರು ಓದಿದವರು" ಎಂದು ಗದರಿಬಿಟ್ಟೆ. ಪಾಪ, ಗೌಡರು ಹಿಂದಕ್ಕೆ ಸರಿದು ಕೂತರು.

ಮಧ್ಯಾಹ್ನದ ಬಿಡುವಿನಲ್ಲಿ ಹುಣಸೆಮರದ ಕೆಳಗೆ ನಾನು ಮೊಸರನ್ನದ ಡಬ್ಬಿ ಬಿಚ್ಚಿದೆ, ಗೌಡರು ಮುದ್ದೆಯ ಗಂಟು ಬಿಚ್ಚಿದರು. ಮುರಿದರು, ಸಾರಿನಲ್ಲಿ ಅದ್ದಿದರು, ಗುಳುಕ್ಕನೆ ನುಂಗಿದರು. ದವಡೆ ಅಲ್ಲಾಡಲೇ ಇಲ್ಲ.

"ಅಗಿಯೋದೇ ಇಲ್ವೇ?" ಎಂದೆ.

"ಮುದ್ದೆಯ ಯಾರಾದ್ರೂ ಅಗಿತಾರಾ ಸ್ವಾಮಿ? ಅದ್ನೇ ನಾ ಯೋಳಕ್ಕೆ ಬಂದಿದ್ದು. ಇದು ಒಟ್ಟೇಲಿ ಕಲ್ಲಿದ್ದಂಗೆ ಇರ್ತದೆ. ಬೆಳಿಗ್ಗೆ ವಾಂತಿಯಾದ್ರೆ ರಾತ್ರಿ ಉಂಡ ಮುದ್ದೆ ಅಂಗಂಗೇ ಬತ್ತದೆ. ಪಟೇಲ ಉಂಡಿದ್ದೂ ಮುದ್ದೇನೇ ಅಲ್ವಾ?"

ನಾನು ಡಬ್ಬಿ ಮುಚ್ಚಿಟ್ಟೆ. ಹುಟ್ಟಿದ್ದು ಮದ್ದೂರಿನಲ್ಲಿ, ಬೆಳೆದದ್ದು ಮದ್ದೂರಿನಲ್ಲಿ. ಸುತ್ತಲಿನ ಜನ ಹೇಗೆ ಉಣ್ಣುತ್ತಾರೆಂದು ಒಂದು ದಿನವೂ ಕಣ್ಣೆತ್ತಿ ನೋಡಿರಲಿಲ್ಲ. ನಾಚಿಕೆಯಾಯಿತು, ಭಯವೂ ಆಯಿತು.

"ಇದನ್ನ ಜಡ್ಜ್ ಸಾಹೇಬರಿಗೆ ಹೇಳಿ ಗೌಡ್ರೇ."

"ಅಯ್ಯೋ ಬುಡಿ, ಅವ್ರ ಮುಂದೆ ನಾನು ಬಾಯಿ ಬುಡಾಕಾಯ್ತದಾ?"

ನಾನೇ ಚೀಟಿ ಬರೆದೆ. ಜಡ್ಜರು ಓದಿ, ಹುಬ್ಬೇರಿಸಿ, ಡಾಕ್ಟರನ್ನು ಮತ್ತೆ ಕಟಕಟೆಗೆ ಕರೆಸಿದರು. ಮುದ್ದೆಯನ್ನು ಅಗಿಯದೆ ನುಂಗುತ್ತಾರೆಂಬುದು ಗೊತ್ತೇ ಎಂದು ಕೇಳಿದಾಗ ಕೋರ್ಟಿನಲ್ಲಿ ನಗು ಎದ್ದಿತು. ಡಾಕ್ಟರು ಮಾತ್ರ ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ನಾನು ಅಗಿದು ಉಣ್ಣುವವರ ಲೆಕ್ಕದಲ್ಲಿ ಹೇಳಿದೆ. ಇದು ನನಗೆ ಗೊತ್ತಿರಲಿಲ್ಲ. ಈಗ ಗಂಟೆ ಹೇಳಲಾರೆ" ಎಂದರು. ಅವರ ಇಂಗ್ಲಿಷಿಗಿಂತ ಆ ಮಾತಿಗೆ ನಾನು ಹೆಚ್ಚು ತಲೆಬಾಗಿದೆ. ತಪ್ಪನ್ನು ಅಷ್ಟು ಜನರೆದುರು ಒಪ್ಪಿಕೊಳ್ಳುವ ಎದೆ ನನಗಂತೂ ಆಗ ಇರಲಿಲ್ಲ.

ಐವರೂ ಒಂದೇ ಮಾತು ಹೇಳಿದೆವು: ನಿರಪರಾಧಿ. ಜಡ್ಜರು ಒಪ್ಪಿ ಬಿಡುಗಡೆ ಮಾಡಿದರು.

ಹೊರಗೆ ಬಂದಾಗ ಹುಡುಗನ ತಾಯಿ ಮೆಟ್ಟಿಲ ಮೇಲೆ ಕೂತು ಗಂಟು ಬಿಚ್ಚುತ್ತಿದ್ದಳು. ವಿಚಾರಣೆ ನಡೆದಷ್ಟು ದಿನವೂ ಮಗನಿಗೆಂದು ಮುದ್ದೆ ತಂದು, ಪೊಲೀಸಿನವರು ಬಿಡದೆ, ಹಾಗೆಯೇ ವಾಪಸು ಒಯ್ದವಳು. ಅವನು ಅವಳ ಪಕ್ಕ ಕೂತು ಉಣ್ಣತೊಡಗಿದ. ನಾನು ಹೋಗಿ ನಿಂತು, "ತಾಯೀ, ನನಗೂ ಒಂದು ತುತ್ತು ಕೊಡಿ" ಎಂದೆ. ನಮ್ಮ ಮಡಿಯ ಮನೆಯಲ್ಲಿ ತಿಳಿದರೆ ಗ್ರಹಚಾರ ಬಿಡಿಸುತ್ತಾರೆಂದು ಗೊತ್ತಿತ್ತು.

ಬಾಯಿಗಿಟ್ಟು ಅಭ್ಯಾಸಬಲದಿಂದ ಅಗಿದೆ. ಹಲ್ಲಿಗೆಲ್ಲ ಮೆತ್ತಿಕೊಂಡಿತು. ಅಷ್ಟೂ ದಿನ ಕಲ್ಲಿನಂತೆ ಕೂತಿದ್ದ ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕುಬಿಟ್ಟಳು.

"ಅಗೀಬ್ಯಾಡಿ ಬುದ್ದಿ," ಎಂದಳು, "ನುಂಗಿ."