ಹಿಂದಕ್ಕೆ ಹೋಗದ ಅಲೆ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯವರಿಗೆಲ್ಲ ಊರಿನ ನೆಂಟರಿಗಿಂತ ಹೆಚ್ಚು ನೆನಪಾಗುತ್ತಿದ್ದದ್ದು ಮಳೆ. ಅಪ್ಪನಿಗೆ ಒಮಾನಿನ ನಿಜ್ವಾದಲ್ಲಿ ಕೆಲಸ ಸಿಕ್ಕಿ, ಕರಾವಳಿಯಿಂದ ನಾವು ಇಲ್ಲಿಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಅಮ್ಮ ಹಾಕಿದ ಹಪ್ಪಳ ಒಂದೇ ಬಿಸಿಲಿಗೆ ಗರಿಗರಿಯಾಗಿ ಒಣಗುತ್ತಿತ್ತು. ಊರಲ್ಲಾದರೆ ಮೋಡ ಕಂಡಾಗಲೆಲ್ಲ ಓಡಿ ಹೋಗಿ ಎತ್ತಿಡಬೇಕಿತ್ತು. ಹಾಗೆ ಓಡಲಿಕ್ಕಿಲ್ಲವಲ್ಲ ಎಂದೇ ಅಮ್ಮನಿಗೆ ಬೇಸರ.

ಒಂದು ಶುಕ್ರವಾರ ಅಪ್ಪ ನಮ್ಮನ್ನೆಲ್ಲ ಪೇಟೆಯ ಹೊರಗಿನ ಗಾಫ್ ಕಾಡಿಗೆ ಕರೆದುಕೊಂಡು ಹೋದರು. ಗಾಫ್ ಎಂದರೆ ನಮ್ಮ ಬನ್ನಿ ಮರವೇ. ಅಲ್ಲಿದ್ದದ್ದು ಬಳೆಯ ಹಾಗೆ ದುಂಡಗಿನ, ಸುಲಭದ ಕಾಲುದಾರಿ. ರಸ್ತೆಯ ಬದಿಗೆ ಕಾರು ನಿಲ್ಲಿಸಿ, ಒಣಗಿದ ಹೊಳೆಯ ಮರಳು ದಾಟಬೇಕು. ಆಚೆ ದಡದ ಕಾಡಿನಲ್ಲಿ ಒಂದು ಸುತ್ತು ಹಾಕಿ, ಮತ್ತೆ ಅದೇ ಮರಳು ದಾಟಿ ಕಾರಿಗೆ ಬರಬೇಕು. ಇಂಥ ಒಣ ಹೊಳೆಗೆ ಇಲ್ಲಿ ವಾದಿ ಅನ್ನುತ್ತಾರೆ. ಅದರ ಹೆಸರಷ್ಟೇ ನಮಗೆ ಗೊತ್ತಿತ್ತು, ಗುಣ ಗೊತ್ತಿರಲಿಲ್ಲ.

ಮರಳು ಹುರಿದ ರವೆಯ ಹಾಗೆ ಬೆಚ್ಚಗಿತ್ತು. ಚಪ್ಪಲಿಯೊಳಗೆ ಸೇರಿ ಬೆರಳ ಸಂದಿಯಲ್ಲಿ ಕಚಗುಳಿ ಇಡುತ್ತಿತ್ತು. ಅಲ್ಲಲ್ಲಿ ಬೋರೆ ಮರಗಳಿದ್ದವು. ಬಿದ್ದಿದ್ದ ಹಣ್ಣು ಆರಿಸಿ, ಲಂಗಕ್ಕೆ ಒರೆಸಿ, ನಾನೂ ಅಕ್ಕನೂ ತಿಂದೆವು. ಗಾಳಿ ಬೀಸಿದರೆ ಗಾಫ್ ಎಲೆಗಳು ಸುಯ್ ಎನ್ನುತ್ತಿದ್ದವು. "ಕೇಳಿ, ನಮ್ಮ ಕಡಲ ಬದಿಯ ಗಾಳಿಮರದ ಹಾಗೆಯೇ ಉಂಟು," ಎಂದು ಅಪ್ಪ ಕಣ್ಣು ಮುಚ್ಚಿ ನಿಂತರು.

ಅರ್ಧ ಸುತ್ತು ಆಗುವಾಗ ದೂರದ ಬೆಟ್ಟದ ತಲೆಯ ಮೇಲೆ ಕಪ್ಪು ಮೋಡ ಕೂತಿತ್ತು. ಗಾಳಿಯಲ್ಲಿ ಒದ್ದೆ ಮಣ್ಣಿನ ವಾಸನೆ. ಅಪ್ಪನ ಮುಖ ಮಗುವಿನ ಮುಖದ ಹಾಗಾಯಿತು. "ಮಳೆ! ಮಳೆ ನೋಡಿಕೊಂಡೇ ಹೋಗುವ!"

"ಬೇಗ ಹೋಗುವ ಇವರೇ, ನನಗೆ ಯಾಕೋ ಸರಿ ಕಾಣುವುದಿಲ್ಲ," ಎಂದಳು ಅಮ್ಮ.

"ನೀನೊಬ್ಬಳು! ಮಳೆಯಲ್ಲೇ ಹುಟ್ಟಿ ಬೆಳೆದವರು ನಾವು. ನಾಲ್ಕು ಹನಿಗೆ ಹೆದರಿ ಓಡುವುದಾ?"

ಆಗ ನನಗೊಂದು ಸಂಗತಿ ಕಂಡಿತು. ಮರದಡಿ ಮೇಯುತ್ತಿದ್ದ ಆಡುಗಳು ಯಾರೂ ಅಟ್ಟದೆಯೇ ಸಾಲಾಗಿ ಬಂಡೆ ಹತ್ತುತ್ತಿದ್ದವು. ಒಂದೂ ಮೇವಿಗೆ ಬಾಯಿ ಹಾಕುತ್ತಿರಲಿಲ್ಲ. ನಾನು ಅಪ್ಪನ ಅಂಗಿ ಜಗ್ಗಿ ತೋರಿಸಿದೆ. "ಅವಕ್ಕೆ ಮಳೆ ಅಭ್ಯಾಸ ಇಲ್ಲ ಮಗಾ," ಎಂದು ಅಪ್ಪ ನಕ್ಕರು.

ಕಾಡು ಮುಗಿದು ಮರಳಿನ ಅಂಚಿಗೆ ಬಂದೆವು. ಇನ್ನು ಅದನ್ನು ದಾಟಿದರೆ ಕಾರು. ಅಷ್ಟರಲ್ಲಿ ಟಪ್ ಟಪ್ ಎಂದು ದಪ್ಪ ಹನಿಗಳು ಬಿದ್ದವು. ಅಕ್ಕ ಕೂಗುತ್ತಾ ಹೊಳೆಯ ನಡುವಿಗೆ ಓಡಿ, ಕೈ ಅಗಲಿಸಿ, ಆಕಾಶಕ್ಕೆ ಬಾಯಿ ತೆರೆದು ನಿಂತಳು. ಮೇಲಿನ ತಿರುವಿನಿಂದ ಜಲ್ಲಿ ಸುರಿದ ಹಾಗೆ ಶಬ್ದ ಬಂತು. "ಯಾವುದೋ ಲಾರಿ ಇರಬೇಕು," ಎಂದರು ಅಪ್ಪ.

ಅದು ಲಾರಿಯಲ್ಲ. ತಿರುವಿನಿಂದ ಕಂದು ನೊರೆ ಹರಿದು ಬಂತು. ಮೊದಲು ಬರೀ ನಾಲಗೆಯಷ್ಟು, ಕಡ್ಡಿ, ಖರ್ಜೂರದ ಗರಿ, ಪ್ಲಾಸ್ಟಿಕ್ ಬಾಟಲಿಗಳನ್ನು ತಳ್ಳಿಕೊಂಡು. ಅದು ಅಕ್ಕನ ಪಾದ ಮುಟ್ಟಿತು. ಅವಳು ಓಡಲಿಲ್ಲ! ಲಂಗ ಎತ್ತಿ ಹಿಡಿದು ನಗುತ್ತಾ ನಿಂತೇ ಇದ್ದಳು. ಕಡಲ ಬದಿಯಲ್ಲಿ ಬೆಳೆದವಳಲ್ಲವೇ? ಅಲೆ ಬರುತ್ತದೆ, ಪಾದ ನೆನೆಸುತ್ತದೆ, ಹಿಂದಕ್ಕೆ ಹೋಗುತ್ತದೆ, ಅಷ್ಟೇ ಅವಳಿಗೆ ಗೊತ್ತಿದ್ದದ್ದು. ಅದು ಹಿಂದಕ್ಕೆ ಹೋಗಲೆಂದು ಅವಳು ಕಾಯುತ್ತಿದ್ದಳು.

ನೀರು ಅವಳ ಹಿಮ್ಮಡಿ ಮುಳುಗಿಸಿತು. ನಮ್ಮ ಕಡೆ ಹೊಳೆಪಾತ್ರ ತಗ್ಗಾಗಿತ್ತು, ಅಲ್ಲಿ ಅದಾಗಲೇ ಸುಳಿ ಸುತ್ತುತ್ತಿತ್ತು. ಅಪ್ಪ ಇಳಿದೇಬಿಟ್ಟರು. ಎರಡನೆಯ ಹೆಜ್ಜೆಗೆ ಕಾಲಡಿಯ ಮರಳು ಜಾರಿ ವಾಲಿದರು. ಅಮ್ಮ ಅವರ ಬೆಲ್ಟು ಹಿಡಿದು ಎಳೆದಳು.

ಅಕ್ಕನ ನಗು ಆಗ ನಿಂತಿತು. ಹೆದರಿದ ಮಗು ಎಲ್ಲಿಗೆ ಓಡುತ್ತದೆ? ಅವಳು ಅಪ್ಪನ ಕಡೆಗೆ ಒಂದು ಹೆಜ್ಜೆ ಇಟ್ಟಳು.

"ಬರಬೇಡ!" ಅಪ್ಪನ ಗಂಟಲಿನಿಂದ ಅಂಥ ಸ್ವರ ನಾನು ಯಾವತ್ತೂ ಕೇಳಿರಲಿಲ್ಲ. "ನನ್ನ ಹತ್ತಿರ ಬರಬೇಡ! ಆಚೆ ಓಡು! ಕಾರಿನ ಕಡೆ ಓಡು!"

ಅಕ್ಕ ಅಳುತ್ತಾ ನಮ್ಮನ್ನೇ ನೋಡಿದಳು. ಆಮೇಲೆ ಬೆನ್ನು ತಿರುಗಿಸಿ ಓಡಿದಳು. ಒಮ್ಮೆ ಬಿದ್ದಳು, ಎದ್ದಳು. ಆಚೆ ದಡದ ಕಲ್ಲು ಹಿಡಿದು ಅವಳು ಮೇಲೆ ಹತ್ತುವುದಕ್ಕೂ ಒಂದು ಇಡೀ ಮರ ಬೇರು ಸಮೇತ ನಮ್ಮ ನಡುವೆ ತೇಲಿ ಹೋಗುವುದಕ್ಕೂ ಸರಿಹೋಯಿತು.

ಆಮೇಲೆ ಕಾಯುವುದು. ನೀರಿನ ಅಬ್ಬರಕ್ಕೆ ಮಾತು ದಾಟುತ್ತಿರಲಿಲ್ಲ. ಅಪ್ಪ ಕೈ ಎತ್ತಿದರೆ ಅಕ್ಕ ಕೈ ಎತ್ತುತ್ತಿದ್ದಳು. ಇಳಿಸಿದರೆ ಇಳಿಸುತ್ತಿದ್ದಳು. ಅವಳು ಎಲ್ಲೂ ಹೋಗದಿರಲೆಂದು ಅಪ್ಪ ಮತ್ತೆ ಮತ್ತೆ ಕೈ ಎತ್ತುತ್ತಲೇ ಇದ್ದರು. ಒಂದು ಸಲ ಎತ್ತಿದಾಗ ಆಚೆಯಿಂದ ಉತ್ತರವಿಲ್ಲ. ರಸ್ತೆಯಲ್ಲಿ ಒಂದು ಪಿಕಪ್ ನಿಂತಿತ್ತು, ಜನ ಸೇರಿದ್ದರು, ಅಕ್ಕ ಕಾಣುತ್ತಿರಲಿಲ್ಲ. ಅಪ್ಪನ ಕೈ ಹಾಗೇ ಮೇಲೆ ಉಳಿಯಿತು. ಅಮ್ಮನ ಬೆರಳು ನನ್ನ ಭುಜಕ್ಕೆ ನಾಟಿತು.

ಆಗ ಒಮಾನಿ ಹೆಂಗಸೊಬ್ಬರು ಅಕ್ಕನನ್ನು ಎತ್ತಿ, ನಮಗೆ ಕಾಣಲೆಂದು ಪಿಕಪ್ಪಿನ ಮೇಲೆ ನಿಲ್ಲಿಸಿದರು. ಮೈಗೆ ಶಾಲು ಹೊದೆಸಿದ್ದರು. ಅಕ್ಕ ಕೈ ಎತ್ತಿದಳು, ಕೈಯಲ್ಲಿ ಅರ್ಧ ತಿಂದ ಖರ್ಜೂರ!

"ತಿನ್ನುತ್ತಾ ಇದ್ದಾಳೆ ಇವರೇ, ತಿನ್ನುತ್ತಾ ಇದ್ದಾಳೆ," ಎಂದು ಅಮ್ಮ ನಕ್ಕಳು. ನಗುತ್ತಲೇ ಕೂತು ಅತ್ತುಬಿಟ್ಟಳು.

ಸೂರ್ಯ ಇಳಿಯುವ ಹೊತ್ತಿಗೆ ನೀರೂ ಇಳಿಯಿತು. ಆ ಹೆಂಗಸಿನ ಮನೆಯ ಗಂಡಸರು ಕೋಲಿನಿಂದ ಆಳ ನೋಡುತ್ತಾ ಬಂದು ನಮ್ಮನ್ನು ಕೈ ಹಿಡಿದು ದಾಟಿಸಿದರು. ಅಪ್ಪ ಅಕ್ಕನನ್ನು ಬೈಯಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. ಕಾರಿನ ಸೀಟಿನಲ್ಲಿ ಕೂರಿಸಿ, ಕರವಸ್ತ್ರದಿಂದ ಅವಳ ಬೆರಳ ಸಂದಿಯ ಕೆಸರು ಒಂದೊಂದಾಗಿ ಒರೆಸಿದರು. "ಅಪ್ಪಾ, ಆ ಅಲೆ ಯಾಕೆ ಹಿಂದೆ ಹೋಗಲಿಲ್ಲ?" ಎಂದು ಅಕ್ಕ ಕೇಳಿದಳು. ಅಪ್ಪ ಒರೆಸುತ್ತಲೇ ಇದ್ದರು.

ನನ್ನ ಮೊಮ್ಮಕ್ಕಳ ಒಮಾನ್ ಬೇರೆ. ಮೋಡ ಕಟ್ಟುವ ಮೊದಲೇ ಫೋನು ಎಚ್ಚರಿಸುತ್ತದೆ, ಶಾಲೆಗೆ ರಜೆ ಎಂದು ಇವರು ಕುಣಿಯುತ್ತಾರೆ. ನಮಗಾದರೋ ಮಳೆಯ ಸುದ್ದಿ ಹೇಳಲು ಮಳೆಯೇ ಬರಬೇಕಿತ್ತು. ಮೊನ್ನೆ ಶುಕ್ರವಾರ ಅಂಥದ್ದೇ ಒಂದು ಮರಳಿನ ಸುತ್ತುದಾರಿಗೆ ಹೋಗಿದ್ದೆವು. ಬೆಟ್ಟದ ಮೇಲೆ ಕಪ್ಪು ಕಂಡದ್ದೇ ತಡ, ನಾನು ನಿಂತೆ.

"ಅಜ್ಜಿ, ಜೀರೋ ಪರ್ಸೆಂಟ್ ರೈನ್! ಸೀ!" ಎಂದು ದೊಡ್ಡವಳು ಫೋನು ನನ್ನ ಮೂಗಿಗೆ ಹಿಡಿದಳು.

"ಅದು ಇಲ್ಲಿಯದ್ದು ಮಗಾ. ಆ ಬೆಟ್ಟದ ತಲೆಯ ಮೇಲೆ ಎಷ್ಟು ಅಂತ ಕೇಳು."

ಅವಳು ಬೆರಳಾಡಿಸಿದಳು. ಓದಿದಳು. ಒಂದು ಕ್ಷಣ ಬೆಟ್ಟದ ಕಡೆ ನೋಡಿ, ತಮ್ಮನ ಕೈ ಗಟ್ಟಿಯಾಗಿ ಹಿಡಿದು, ಬಂದ ದಾರಿಯಲ್ಲೇ ತಿರುಗಿ ನಡೆದಳು.