ರೈಟ್ ಹೇಳುವವರಿಲ್ಲದ ಬಸ್ಸು

ಮಸ್ಕಿಯ ಪಂಪಾಪತಿ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ, ಎರಡೂ ಮೊಣಕಾಲು ಸವೆಸಿಕೊಂಡು ನಿವೃತ್ತನಾದ ಮನುಷ್ಯ. ನಿವೃತ್ತನಾದರೂ ಬಸ್ಸನ್ನು ಮಾತ್ರ ಬಿಟ್ಟಿಲ್ಲ. ದಿನಾ ಸಂಜೆ ಐದಕ್ಕೆ ಮೀಸೆ ತೀಡಿ, ಹಳೆಯ ಖಾಕಿ ಅಂಗಿ ತೊಟ್ಟು, ಒಳಕೋಣೆಯ ಕಂಪ್ಯೂಟರ್ ಮುಂದೆ ಕೂರುತ್ತಾನೆ. ಮೇಜಿಗೆ ಬಿಗಿದ ಆಟದ ಸ್ಟೇರಿಂಗಿಗೆ ನಿಂಬೆಹಣ್ಣು ಕಟ್ಟಿದ್ದಾನೆ. ಪರದೆಯ ಮೇಲಂಚಿಗೆ ಒಂದು ಕನ್ನಡಿಯನ್ನೂ ಅಂಟಿಸಿದ್ದಾನೆ, ಕನ್ನಡಿಯಿಲ್ಲದ ಬಸ್ಸನ್ನು ಅವನು ಜನ್ಮದಲ್ಲಿ ಮುಟ್ಟಿದವನಲ್ಲ. ಅದರಲ್ಲಿ ಕಾಣುವುದು ಹಿಂದಿನ ಗೋಡೆ ಮತ್ತು ಕ್ಯಾಲೆಂಡರು. ಕೋಣೆಯೊಳಗೆ ಕುಳಿತು ಇವರು ಯಾರನ್ನು ಓವರ್‌ಟೇಕ್ ಮಾಡುತ್ತಾರೋ ಎಂದು ಹೆಂಡತಿ ವೀರಭದ್ರಮ್ಮ ಓಣಿಯವರ ಮುಂದೆ ನಗುತ್ತಾಳೆ.

ಬಸ್ಸು ಓಡಿಸುವ ಈ ಆಟವನ್ನು ಹಾಕಿಕೊಟ್ಟವಳು ಮಗಳು ಅಮೂಲ್ಯಾ. ಅಪ್ಪ ಆಡುವುದನ್ನು ಜನ ಇದ್ದಲ್ಲಿಂದಲೇ ನೋಡುವಂತೆ ಯೂಟ್ಯೂಬಿನಲ್ಲಿ ಲೈವ್ ಬಿಟ್ಟವಳೂ ಅವಳೇ. ಆಟದ ಊರುಗಳು ಯಾವುದೋ ಚಳಿದೇಶದವು. ಪಂಪಾಪತಿ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಹೊರಡುವ ಊರಿಗೆ ಸಿಂಧನೂರು ಎಂದ, ಗಂಟೆಗೋಪುರದ ಊರಿಗೆ ಮಸ್ಕಿ ಎಂದ, ಹಿಮ ಬೀಳುವ ಕೊನೆಯ ಊರನ್ನು ಲಿಂಗಸುಗೂರು ಮಾಡಿಬಿಟ್ಟ. ಬೇಸಿಗೆಯಲ್ಲಿ ಲಿಂಗಸುಗೂರಿನ ಮೇಲೆ ಹಿಮ ಬೀಳುವುದನ್ನು ನೋಡಲೆಂದೇ ಜನ ಸೇರತೊಡಗಿದರು. ಪುಣೆಯಲ್ಲಿ ಗಾರೆ ಕೆಲಸ ಮಾಡುವ ಗುರುಗುಂಟಾದವರು, ದುಬೈಯಲ್ಲಿ ಟ್ಯಾಂಕರ್ ಓಡಿಸುವ ಸಿಂಧನೂರಿನವರು, "ಮಸ್ಕಿ ಎರಡು ಫುಲ್, ಒಂದು ಹಾಫ್" ಎಂದು ಕಾಮೆಂಟಿನಲ್ಲಿ ಟಿಕೆಟ್ ಕೇಳುತ್ತಿದ್ದರು. ಮುನ್ನೂರು ಜನರಾದರು. ಪಂಪಾಪತಿ ಅವರನ್ನು ಪ್ಯಾಸೆಂಜರು ಎಂದೇ ಕರೆಯುತ್ತಿದ್ದ.

ಬರಬರುತ್ತಾ ಆ ಪ್ಯಾಸೆಂಜರು ಇಳಿಯತೊಡಗಿದರು. ಬಸ್ಸು ವೇಗ ಹಿಡಿದರೆ ಸಾಕು, ನೋಡುವವರ ಫೋನಿನಲ್ಲಿ ಚಿತ್ರ ತಡವರಿಸುತ್ತಿತ್ತು. ಸ್ಟಾಪಿಗೆ ಬಂದರಂತೂ ಬಸ್ಸು ಎರಡು ಮೂರು ನಿಮಿಷ ನಿಂತಲ್ಲೇ ನಿಂತಿರುತ್ತಿತ್ತು. "ಹೋಗ್ರೀ" ಎಂದು ಜನ ಎಷ್ಟು ಬರೆದರೂ ಪ್ರಯೋಜನವಿಲ್ಲ, ಸ್ಟೇರಿಂಗ್ ಹಿಡಿದಾಗ ರಸ್ತೆ ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸುವುದು ಪಂಪಾಪತಿಯ ಧರ್ಮವಲ್ಲ. ಮುನ್ನೂರು ಹೋಗಿ ಎಪ್ಪತ್ತಾಯಿತು. ಬರುವ ಭಾನುವಾರ ನೂರನೆಯ ಟ್ರಿಪ್ಪು. ಅವತ್ತೂ ಹೀಗೇ ಆದರೆ ಉಳಿದವರೂ ಇಳಿದುಹೋಗುತ್ತಾರೆ, ಪ್ಯಾಸೆಂಜರಿಲ್ಲದ ಬಸ್ಸು ಓಡಿಸುವುದಕ್ಕಿಂತ ಶೆಡ್ಡಿಗೆ ಹಾಕುವುದೇ ಮೇಲು ಎಂದು ಅವನು ತೀರ್ಮಾನಿಸಿದ್ದ.

ಔಷಧಿಯನ್ನೂ ಅವನೇ ಕಂಡುಹಿಡಿದಿದ್ದ: ಎರಡು ಕಂಪ್ಯೂಟರ್. ಒಂದು ಬಸ್ಸು ಓಡಿಸಲಿ, ಇನ್ನೊಂದು ಜನರನ್ನು ನೋಡಿಕೊಳ್ಳಲಿ. ಅಮೂಲ್ಯಾ ಒಂದೇ ಸಾಕು ಎಂದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ ವಾರವಿಡೀ ಇದೇ ಜಗ್ಗಾಟ. ಕೊನೆಗೆ ಗುರುವಾರ ಕಂಪ್ಯೂಟರನ್ನು ಎತ್ತಿಕೊಂಡು ಇಬ್ಬರೂ ಬಸ್ಸು ಹತ್ತಿ ಸಿಂಧನೂರಿಗೆ, ಅಮ್ಜದನ ಕಂಪ್ಯೂಟರ್ ಅಂಗಡಿಗೆ ಹೋದರು.

ಅಮ್ಜದ್ ಇನ್ನೊಂದು ಮಾರಿದರೆ ತನಗೇ ಲಾಭ ಎಂದು ಗೊತ್ತಿದ್ದೂ ಸುಳ್ಳು ಹೇಳದ ಹುಡುಗ. ಮೊದಲು ಎರಡು ಕಂಪ್ಯೂಟರ್ ಜೋಡಿಸಿ ಓಡಿಸಿ ತೋರಿಸಿದ, ಚಿತ್ರ ನೀರು ಹರಿದ ಹಾಗೆ ಹರಿಯಿತು. ಆಮೇಲೆ ಪಂಪಾಪತಿಯ ಕಂಪ್ಯೂಟರನ್ನೇ ತೆರೆದು ನೋಡಿದ. ವಿಡಿಯೊ ಕಳಿಸುವುದಕ್ಕೆಂದೇ ಅದರ ಗ್ರಾಫಿಕ್ಸ್ ಕಾರ್ಡಿನಲ್ಲಿ ಬೇರೆ ಭಾಗವಿತ್ತು, ಅದನ್ನು ಯಾರೂ ಕೆಲಸಕ್ಕೆ ಹಚ್ಚಿರಲಿಲ್ಲ. ಎರಡು ಕಡೆ ಒತ್ತಿ ಮತ್ತೆ ಓಡಿಸಿದ. ಆ ಒಂದರಲ್ಲೂ ಚಿತ್ರ ಅಷ್ಟೇ ಸಲೀಸಾಗಿ ಹರಿಯಿತು.

"ಒಂದ ಸಾಕು ಕಾಕಾ," ಎಂದ ಅಮ್ಜದ್.

"ಹೌದಪ್ಪಾ, ಒಬ್ಬಾವ ಸಾಕು ಅಂತ ಡಿಪೊದಾಗೂ ಅಂದಿದ್ರು," ಎಂದ ಪಂಪಾಪತಿ.

ಅಂಗಡಿಯಲ್ಲಿ ಯಾರಿಗೂ ಅದು ಅರ್ಥವಾಗಲಿಲ್ಲ, ಮಗಳೊಬ್ಬಳನ್ನು ಬಿಟ್ಟು. ಇಪ್ಪತ್ತೆರಡು ವರ್ಷ ಅವನ ಬಸ್ಸಿಗೆ ಕಂಡಕ್ಟರ್ ಆಗಿದ್ದವನು ಸಂತೆಕಲ್ಲೂರಿನ ಮಹಮ್ಮದಸಾಬ. ಅವನು ನಿವೃತ್ತನಾದ ಮೇಲೆ ಬೇರೆ ಕಂಡಕ್ಟರ್ ಬರಲೇ ಇಲ್ಲ, ಟಿಕೆಟ್ ಮಷೀನನ್ನೂ ಪಂಪಾಪತಿಯ ಕೈಗೇ ಕೊಟ್ಟರು. ಆಗಲೂ ಮುಂದಿನ ಸೀಟಿನವರು ಯಾರಾದರೂ ರೈಟ್ ಅನ್ನುವವರೆಗೆ ಅವನು ಗಾಡಿ ಎತ್ತುತ್ತಿರಲಿಲ್ಲ.

"ಅಪ್ಪಾ, ಎರಡನೇ ಕಂಪ್ಯೂಟರ್ ಮುಂದ ಯಾರು ಕುಂದ್ರೋರು?" ಎಂದು ಅಮೂಲ್ಯಾ ಮೆಲ್ಲಗೆ ಕೇಳಿದಳು.

ಪಂಪಾಪತಿ ತನ್ನ ಒಂದೇ ಕಂಪ್ಯೂಟರನ್ನು ಎತ್ತಿಕೊಂಡು ಅಂಗಡಿಯಿಂದ ಹೊರಬಿದ್ದ. ಬರುವಾಗ ಮಗಳನ್ನು ಕಂಪ್ಯೂಟರ್ ಸಮೇತ ಮಸ್ಕಿಯಲ್ಲಿ ಇಳಿಸಿ, ತಾನು ಅದೇ ಬಸ್ಸಿನಲ್ಲಿ ಸಂತೆಕಲ್ಲೂರಿಗೆ ಮುಂದುವರಿದ.

ಮಹಮ್ಮದಸಾಬ ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಕುಳಿತು, ಹನ್ನೊಂದು ನಿಮಿಷ ತಡವಾಗಿ ಬಂದ ಬಸ್ಸಿಗೆ ಬೈಯುತ್ತಿದ್ದ. ಅದರಿಂದಲೇ ಪಂಪಾಪತಿ ಇಳಿದದ್ದು ಕಂಡು ಬೈಗುಳವನ್ನು ಅರ್ಧಕ್ಕೆ ನಿಲ್ಲಿಸಿ, ಎರಡು ಚಹಾ ಹೇಳಿದ. ಪಂಪಾಪತಿ ಲೈವ್ ಅಂದರೆ ಏನು, ಆಟ ಅಂದರೆ ಏನು ಎಂದು ಸುತ್ತಿ ಬಳಸಿ ವಿವರಿಸಲು ಹೊರಟ. ಮಹಮ್ಮದಸಾಬ ಕೈಯೆತ್ತಿ ತಡೆದ.

"ದಿನಾ ಐದಕ್ಕ ನಿನ್ನ ಬಸ್ ನೋಡ್ತೀನಿ ಪಂಪಣ್ಣ. ನೀ ಸ್ಟಾಪಿಗೆ ನಿಂದ್ರಸ್ತಿ, ನಾ ಇಲ್ಲಿ ಫೋನ್ ಹಿಡಕೊಂಡು ರೈಟ್ ರೈಟ್ ಅಂತೀನಿ. ನಿನಗೆಲ್ಲಿ ಕೇಳಸ್ತೈತಿ."

ಪಂಪಾಪತಿ ಚಹಾದ ಕಪ್ಪನ್ನು ಕೆಳಗಿಟ್ಟ. ಸ್ಟಾಪಿನಲ್ಲಿ ಬಸ್ಸು ನಿಲ್ಲುತ್ತಿದ್ದುದು ಕಂಪ್ಯೂಟರಿನ ದೆಸೆಯಿಂದಲ್ಲ, ರೈಟ್ ಕೇಳಲೆಂದು ಬ್ರೇಕಿನ ಮೇಲೇ ಕಾಯುತ್ತಿದ್ದ ತನ್ನ ಕಾಲಿನ ದೆಸೆಯಿಂದ ಎಂದು ಅವನಿಗೆ ಹೊಳೆದದ್ದು ಆಗಲೇ. ಹುಟ್ಟುಗುಣವಾದರೂ ಸುಟ್ಟರೆ ಹೋದೀತು, ಡ್ರೈವರನ ಕಾಲಿನ ಗುಣ ಹೋಗುವುದಿಲ್ಲ. ಅವನಿಗೆ ನಗು ಬಂತು.

"ಕಂಪ್ಯೂಟರ್ ಒಂದ ಐತ್ರಿ ಸಾಬ್ರ," ಎಂದ. "ಕುರ್ಚಿ ಎರಡು ಹಾಕ್ತೀನಿ."

ಭಾನುವಾರ ನಾಲ್ಕೂವರೆಗೇ ಮಹಮ್ಮದಸಾಬ ಟೋಪಿ ಸರಿಮಾಡಿಕೊಳ್ಳುತ್ತ ಬಂದ. ಹೆಗಲಿಗೆ ಆ ಹಳೆಯ ಚರ್ಮದ ಚೀಲ, ಅದರಲ್ಲಿ ಈಗ ಇದ್ದದ್ದು ಕನ್ನಡಕ ಮಾತ್ರ. ಅಮೂಲ್ಯಾ ತನ್ನ ಫೋನಿನಲ್ಲಿ ಕಾಮೆಂಟು ತೆರೆದು ಅವನ ಕೈಗಿಟ್ಟಳು. ಅವನು ಹಿಂದಿನ ಕುರ್ಚಿಯಲ್ಲಿ ಕುಳಿತು ಒಬ್ಬೊಬ್ಬರ ಹೆಸರು ಹಿಡಿದು ಟಿಕೆಟ್ ಕೊಡತೊಡಗಿದ. ದುಬೈಯವರಿಗೆ ಚಿಲ್ಲರೆ ಇಲ್ಲವೆಂದು ಗದರಿಸಿದ. ಹಾಫ್ ಕೇಳಿದವನ ವಯಸ್ಸು ಕೇಳಿದ. ಜನ ಬಿದ್ದು ಬಿದ್ದು ನಕ್ಕರು, ಇಳಿದುಹೋದವರು ಸುದ್ದಿ ತಿಳಿದು ಮತ್ತೆ ಹತ್ತಿದರು.

ಗಂಟೆಗೋಪುರದ ಮಸ್ಕಿ ಬಂತು. ಮಹಮ್ಮದಸಾಬ ಹೋಲ್ಡಾನ್ ಎಂದ, ಪಂಪಾಪತಿ ನಿಲ್ಲಿಸಿದ. ಬಾಗಿಲು ತೆರೆದು ಮುಚ್ಚಿತು. ಪಂಪಾಪತಿಯ ಕಾಲು ಬ್ರೇಕಿನ ಮೇಲೆ, ಕಿವಿ ಹಿಂದೆ. ಕಾಯುತ್ತ ಅವನು ಕಣ್ಣೆತ್ತಿ ಕನ್ನಡಿ ನೋಡಿದ. ಕ್ಯಾಲೆಂಡರಿಗೆ ಅಡ್ಡವಾಗಿ ಬಿಳಿ ಟೋಪಿಯೊಂದು ಕಾಣುತ್ತಿತ್ತು.

"ರೈಟ್ ರೈಟ್."

ಪಂಪಾಪತಿ ಗಾಡಿ ಎತ್ತಿದ.